ಅಡ್ಡ ತೂತಿನೊಳಗಿನ ಬರ್ ತೆಗೆಯಲು ಪುಟ್ಟಿ ಮೀಡಿಯಾ: ಶಾಪಿನಲ್ಲೇ ಮಾಡಿಕೊಳ್ಳಬಹುದಾ?

ಕುಶಾಲನಗರ_ಲೇಥ್

ಎಲ್ಲರಿಗೂ ನಮಸ್ಕಾರ. ಕುಶಾಲನಗರದಲ್ಲಿ ನಂದು ಸಣ್ಣ ಶಾಪ್. ಎರಡು ಲೇಥ್, ಒಂದು ಹಳೇ ಮಿಲ್ಲಿಂಗ್, ಒಂದು ಪಿಲ್ಲರ್ ಡ್ರಿಲ್, ಅಷ್ಟೇ. ಅರ್ಧಕ್ಕಿಂತ ಜಾಸ್ತಿ ಕೆಲಸ ತೋಟದವರದ್ದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಶಾಫ್ಟ್, ಬುಷ್, ಮೆಣಸು ಬಿಡಿಸುವ ಮಷಿನ್ನಿನ ಪುಲ್ಲಿ, ಸ್ಪ್ರೇ ಪಂಪಿನ ಬಿಡಿಭಾಗ, ಹೀಗೆ.

ವಿಷಯ ಏನಂದರೆ, ತೋಟಕ್ಕೆ ಔಷಧಿ ಹೊಡೆಯುವ ಎಚ್‌ಟಿಪಿ ಸ್ಪ್ರೇ ಪಂಪಿಗೆ ಒಂದು ಡೆಲಿವರಿ ಬ್ಲಾಕ್ ಮಾಡಿಕೊಡುತ್ತೇನೆ. 304 ಸ್ಟೇನ್‌ಲೆಸ್. ನಡುವೆ 8 ಎಂಎಂ ತೂತು, ಅದಕ್ಕೆ ಅಡ್ಡವಾಗಿ 4 ಎಂಎಂನ ಎರಡು ತೂತು. ಎರಡೂ ಸೇರುವ ಜಾಗದಲ್ಲಿ ಬರ್, ಅಂದರೆ ಡ್ರಿಲ್ ಹಾಕಿದಾಗ ಅಂಚಿಗೆ ಅಂಟಿಕೊಂಡು ಉಳಿಯುವ ಲೋಹದ ಚೂರು, ನಿಲ್ಲುತ್ತದೆ. ಹೊರಗಿನ ಬರ್ ಆದರೆ ಫೈಲ್ ಹಾಕಿ ಮುಗಿಸಬಹುದು, ಇದು ಒಳಗೆ, ಕೈ ಹೋಗುವುದಿಲ್ಲ. ಮೇ ಕೊನೆಯಲ್ಲಿ ಸಿದ್ದಾಪುರ ಕಡೆಯವರೊಬ್ಬರು ಫೋನ್ ಮಾಡಿ ಚೆನ್ನಾಗಿ ಬೈದರು. ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು, ಆಳುಗಳು ಕೈಕಟ್ಟಿ ನಿಂತಿದ್ದಾರೆ, ಗನ್ನಿನಿಂದ ಹನಿ ಹನಿ ಬೀಳುತ್ತಿದೆ. ನಾಝಲ್ ಬಿಚ್ಚಿದರೆ ಕತ್ತರಿಸಿದ ಉಗುರಿನಷ್ಟು ಸ್ಟೀಲ್ ಚೂರು ಅಡ್ಡ ಕೂತಿದೆ. ನನ್ನ ಬ್ಲಾಕಿನದ್ದೇ. ಬೈಸಿಕೊಳ್ಳದೆ ಇನ್ನೇನು.

ಎಮರಿ, ಅಂದರೆ ಲೋಹ ಉಜ್ಜುವ ಗಡಸು ಪುಡಿ, ಕಲಸಿದ ಪುಟ್ಟಿ ಥರದ್ದನ್ನು (ಅದಕ್ಕೇ ಮೀಡಿಯಾ ಅನ್ನುವುದು) ಒತ್ತಡ ಹಾಕಿ ತೂತಿನೊಳಗೆ ತಳ್ಳಿ ಫಿನಿಶ್ ಮಾಡುವ ವಿಡಿಯೋ ನೋಡಿದೆ. ಆ ಮಷಿನ್ ಕೊಳ್ಳುವ ಮಾತೇ ಇಲ್ಲ. ನಾನೇ ಎರಡು ಪ್ರಯತ್ನ ಮಾಡಿದೆ. ಮೊದಲು ವಾಲ್ವ್ ಗ್ರೈಂಡಿಂಗ್ ಪೇಸ್ಟಿಗೆ ಗ್ರೀಸ್ ಕಲಸಿ ತಳ್ಳಿದೆ. ಟೂತ್‌ಪೇಸ್ಟ್ ಬಂದ ಹಾಗೆ ಸರ್ರನೆ ಬಂತು, ಬರ್ ಇದ್ದಲ್ಲೇ ಇತ್ತು. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಸಿಲಿಕಾನ್ ಸೀಲೆಂಟಿಗೆ ಎಮರಿ ಪುಡಿ ಕಲಸಿದೆ. ಅದು ರಾತ್ರಿ ಬೆಳಗಾಗುವುದರೊಳಗೆ ಬ್ಲಾಕಿನಲ್ಲೇ ಗಟ್ಟಿಯಾಗಿ, ಒಂದು ದಿನ ಪೂರ್ತಿ ಸೈಕಲ್ ಕಡ್ಡಿಯಲ್ಲಿ ಚುಚ್ಚಿ ತೆಗೆದೆ.

ಕೇರಂ ಪೌಡರ್ ಹಾಕಿ ಪುಟ್ಟಿ ಮಾಡಬಹುದು ಅಂತ ಯಾರೋ ಹೇಳಿದರು, ನಿಜಾನಾ ತಮಾಷೆಯಾ ಗೊತ್ತಿಲ್ಲ. ಸಂಪಾಜೆಯಲ್ಲಿ ರಬ್ಬರ್ ತೋಟದ ಗೆಳೆಯ ಇದ್ದಾನೆ, ರಬ್ಬರಿಂದ ಆಗುತ್ತದಾ? ನನ್ನ ಹತ್ತಿರ 10 ಟನ್ ಹ್ಯಾಂಡ್ ಪ್ರೆಸ್ ಇದೆ, ಗೇಜ್ ಸಮೇತ. ತಿಳಿದವರು ಹೇಳಿ.

ಪುಟ್ಟಿಭಾವ

ತಮಾಷೆ ಅಲ್ಲ, ನಿಜ. ನಾನು ಹತ್ತು ವರ್ಷ ಸಿಲಿಕಾನ್ ರಬ್ಬರ್ ಲೈನಿನಲ್ಲೇ ಇದ್ದವನು, ಈಗ ವಿರಾಜಪೇಟೆಯಲ್ಲಿ ಮನೆ ಕಡೆ ಬಂದು ಕೂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗ್ರೀಸ್ ಯಾಕೆ ಕೈಕೊಟ್ಟಿತು ಮೊದಲು ನೋಡೋಣ. ಮನೆಯಲ್ಲಿ ನೂಪುಟ್ಟು (ಒತ್ತು ಶಾವಿಗೆ) ಒತ್ತುವುದನ್ನು ನೋಡಿದ್ದೀರಲ್ವಾ? ಹಿಟ್ಟು ಹದವಾಗಿದ್ದರೆ ಪ್ರತಿ ತೂತನ್ನೂ ತುಂಬಿಕೊಂಡು, ಅಂಚಿಗೆ ಉಜ್ಜಿಕೊಂಡು, ಎಳೆ ಎಳೆಯಾಗಿ ಇಳಿಯುತ್ತದೆ. ನೀರು ಜಾಸ್ತಿಯಾದರೆ ಸೋರುತ್ತದೆ. ಗಟ್ಟಿಯಾದರೆ ರಟ್ಟೆ ನೋಯುತ್ತದೆ, ಎಳೆ ಬರುವುದಿಲ್ಲ. ನಿಮ್ಮ ಗ್ರೀಸ್ ನೀರು ಜಾಸ್ತಿಯಾದ ಹಿಟ್ಟು. ಗೋಡೆಗೆ ತಾಗಿದ ಪದರ ಅಲ್ಲೇ ನಿಂತಿತು, ನಡುವಿನದ್ದು ಮಾತ್ರ ಜಾರಿ ಹೋಯಿತು. ಎಮರಿ ಕಾಳನ್ನು ಗೋಡೆಗೆ ಒತ್ತಿ ಹಿಡಿಯುವವರು ಯಾರೂ ಇರಲಿಲ್ಲ. ಎಲ್ಲರೂ ಎಷ್ಟು ಮೆಶ್ (ಕಾಳಿನ ಸಣ್ಣತನದ ಅಳತೆ), ಯಾವ ಎಮರಿ ಅಂತ ಕೇಳುತ್ತಾರೆ, ಆದರೆ ಕಾಳು ಬರೀ ಹಲ್ಲು, ದವಡೆ ಅದನ್ನು ಹಿಡಿದ ಪಾಲಿಮರ್, ಅಂದರೆ ಪುಟ್ಟಿ.

ಪುಟ್ಟಿ ತಳ್ಳಿ ಉಜ್ಜುವ ಈ ವಿಧಾನ (ಅಬ್ರೇಸಿವ್ ಫ್ಲೋ ಮಷಿನಿಂಗ್) 1960ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದಕ್ಕೆ ಬಳಸುವ ಪಾಲಿಮರ್ ಇನ್ನೂ ಹಳೆಯದು. 1943ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಜೇಮ್ಸ್ ರೈಟ್ ಯುದ್ಧಕಾಲಕ್ಕೆ ಬದಲಿ ರಬ್ಬರ್ ಹುಡುಕುತ್ತಾ ಸಿಲಿಕಾನ್ ಎಣ್ಣೆಗೆ ಬೋರಿಕ್ ಆಸಿಡ್ ಹಾಕಿದರು. ಟೈರಿಗೆ ಆಗಲಿಲ್ಲ, ಕೊನೆಗೆ ಮಕ್ಕಳ ಆಟದ ಪುಟ್ಟಿ ಆಯಿತು. ಹೆಸರು ಪಾಲಿಬೋರೋಸಿಲಾಕ್ಸೇನ್. ಎಣ್ಣೆಯ ಉದ್ದುದ್ದ ಸರಪಳಿಗಳನ್ನು ಬೋರಾನ್ ಹಿಡಿದು ಜೋಡಿಸುತ್ತದೆ, ಆದರೆ ಆ ಹಿಡಿತ ಕಾಯಂ ಅಲ್ಲ. ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ನಿಧಾನವಾಗಿ ಎಳೆದರೆ ಬಿಟ್ಟು ಹಿಡಿಯಲು ಪುರುಸೊತ್ತು ಸಿಗುತ್ತದೆ, ಹರಿಯುತ್ತದೆ. ಜೋರಾಗಿ ಗೋಡೆಗೆ ಎಸೆದರೆ ಪುರುಸೊತ್ತಿಲ್ಲ, ಚೆಂಡಿನ ಹಾಗೆ ಪುಟಿಯುತ್ತದೆ. ನಿಮ್ಮ ಕೆಲಸಕ್ಕೆ ಬೇಕಾದ ಗುಣ ಇದೇ. ಅಗಲ ಜಾಗದಲ್ಲಿ ಮೆತ್ತಗೆ ಬರುತ್ತದೆ, ಕಿರಿದಾದಲ್ಲಿ ವೇಗ ಏರಿ ಅಲ್ಲೇ ಬಿಗಿಯುತ್ತದೆ, ಕಾಳನ್ನು ಗೋಡೆಗೆ ಅದುಮುತ್ತದೆ. ಸೀಲೆಂಟಿನದ್ದು ಬೇರೆ ಕಥೆ. ವಿನೆಗರ್ ವಾಸನೆ ಬಂತಲ್ಲ? ಅದು ಗಾಳಿಯ ತೇವ ಹೀರಿ ಕಾಯಂ ಗಟ್ಟಿಯಾಗುವ ಜಾತಿ.

ಮಾಡುವ ವಿಧಾನ: ತುದಿಯಲ್ಲಿ ಹೈಡ್ರಾಕ್ಸಿ ಇರುವ ಸಿಲಿಕಾನ್ ಎಣ್ಣೆ ಬೇಕು. ಟ್ರೆಡ್‌ಮಿಲ್ಲಿಗೆ ಹಾಕುವ ಸಾದಾ ಎಣ್ಣೆ ಅಷ್ಟು ಸುಲಭಕ್ಕೆ ಕೂಡಿಕೊಳ್ಳುವುದಿಲ್ಲ. ನಾನು 100 ಗ್ರಾಂ ಎಣ್ಣೆಗೆ 6 ಗ್ರಾಂ ನುಣ್ಣಗೆ ಅರೆದ ಬೋರಿಕ್ ಆಸಿಡ್ ಹಾಕಿ, 150ರಿಂದ 170 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಕೈ ಬಿಡದೆ ಕಲಕಿದ್ದೇನೆ. ನೀರು ಆವಿಯಾಗಿ ಹೋಗುವಾಗ ನೊರೆ ಉಕ್ಕುತ್ತದೆ, ಆಮೇಲೆ ಹಲಸಿನ ಮೇಣದ ಹದಕ್ಕೆ ಬರುತ್ತದೆ. ಕೇರಂ ಪೌಡರ್ ಸಾಮಾನ್ಯವಾಗಿ ಬೋರಿಕ್ಕೇ, ಆದರೆ ಕೆಲವು ಡಬ್ಬಿಯಲ್ಲಿ ಬೇರೆ ಪುಡಿ ಇರುತ್ತದೆ, ಲ್ಯಾಬ್ ಅಂಗಡಿಯದ್ದೇ ತಗೊಳ್ಳಿ. ಅಡುಗೆಮನೆಯ ಪಾತ್ರೆ ಮುಟ್ಟಬೇಡಿ. ಬೋರಿಕ್ ಹೊಟ್ಟೆಗೆ ಹೋಗಬಾರದು, ಗರ್ಭಿಣಿಯರು ಮಕ್ಕಳು ಹತ್ತಿರ ಇರಬಾರದು. ಹೊರಗೆ ಗಾಳಿಯಾಡುವ ಕಡೆ ಮಾಡಿ, ಜಾಸ್ತಿ ಕಾಯಿಸಿದರೆ ಸಿಲಿಕಾನಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ.

ಇಷ್ಟೆಲ್ಲಾ ಬರೆದು ಈಗ ಹೇಳುತ್ತೇನೆ: ಇದನ್ನು ಮಾಡಬೇಡಿ. ಕೈ ಬಿದ್ದವರಿಗೆ ವ್ಯಾಯಾಮಕ್ಕೆ ಅಂತ ಫಿಸಿಯೋಥೆರಪಿಯವರು ಕೊಡುವ ಪುಟ್ಟಿ ಸಿಗುತ್ತದೆ, ಮೆತ್ತನೆಯದ್ದು, ಮಧ್ಯಮ, ಗಟ್ಟಿ ಅಂತ ಬಣ್ಣದ ಮೇಲೆ. ಹೆಚ್ಚಿನವು ಇದೇ ಜಾತಿ. ಅದನ್ನು ತಂದು, ಅಷ್ಟೇ ತೂಕದ 220 ಮೆಶ್ ಸಿಲಿಕಾನ್ ಕಾರ್ಬೈಡ್ (ಎಮರಿ ಥರದ್ದೇ ಪುಡಿ) ಸ್ವಲ್ಪ ಸ್ವಲ್ಪವಾಗಿ ಸೇರಿಸಿ ನಾದಿ. ಗ್ಲೌಸ್, ಮಾಸ್ಕ್ ಹಾಕಿ. ಸಣ್ಣ ತೂತಿಗೆ, ಅಂಚು ದುಂಡಾಗಲು ಮೆತ್ತನೆಯ ಮೀಡಿಯಾ. ದೊಡ್ಡ ತೂತಿನ ಗೋಡೆ ಒಂದೇ ಸಮ ಉಜ್ಜಬೇಕೆಂದರೆ ಗಟ್ಟಿ. ನಿಮ್ಮದು 4 ಎಂಎಂ, ಮಧ್ಯಮದಿಂದ ಶುರು ಮಾಡಿ.

ಇನ್ನು ಆ 10 ಟನ್. ಹುಷಾರು. 50 ಎಂಎಂ ಪಿಸ್ಟನ್ನಿನ ಮೇಲೆ 1 ಟನ್ ಹಾಕಿದರೇ ಸುಮಾರು 50 ಬಾರ್ ಒತ್ತಡ ಆಗುತ್ತದೆ. 10 ಟನ್ ಪೂರ್ತಿ ಒತ್ತಿದರೆ 500 ಬಾರ್, ಸಿಲಿಂಡರ್ ಬಾಯಿ ಬಿಟ್ಟರೆ ಹೇಳುವವರು ಉಳಿಯುವುದಿಲ್ಲ. ದಪ್ಪ ಗೋಡೆಯ ಸೀಮ್‌ಲೆಸ್ ಪೈಪ್ ಹಾಕಿ, ಪಿವಿಸಿ ಯೋಚನೆಯೇ ಬೇಡ. 50ರ ಒಳಗೇ ಇರಲಿ. ಇನ್ನೊಂದು ಮುಖ್ಯ ವಿಷಯ, 8 ಎಂಎಂ ತೂತಿನ ಆಚೆ ಬಾಯಿ ಮುಚ್ಚಿ. ತೆರೆದಿಟ್ಟರೆ ಮೀಡಿಯಾ ನೇರ ಅಲ್ಲೇ ಹೋಗುತ್ತದೆ, ಅಡ್ಡ ತೂತಿನ ಕಡೆ ತಿರುಗಿಯೂ ನೋಡುವುದಿಲ್ಲ. ಮುಚ್ಚಿದರೆ ಪೂರ್ತಿ ಆ ಎರಡು 4 ಎಂಎಂನಲ್ಲೇ ಹೊರಬರಬೇಕು. ಎರಡರ ವಿಸ್ತೀರ್ಣ ಸೇರಿಸಿದರೂ 8ರ ಅರ್ಧ, ಅಂದರೆ ವೇಗ ಎರಡರಷ್ಟು. ಸರಿಯಾಗಿ ಬರ್ ಇರುವ ಅಂಚಿನಲ್ಲೇ.

ಟೂಲ್‌ರೂಮ್_ತಾತ

ಪುಟ್ಟಿಭಾವ ಬರೆದದ್ದೆಲ್ಲಾ ಸರಿ. ನನ್ನ ಪ್ರಶ್ನೆ ಒಂದೇ, ಅಷ್ಟು ದಪ್ಪ ಬರ್ ಯಾಕೆ ಬರುತ್ತಿದೆ? ಉಗುರಿನಷ್ಟು ಚೂರು ಅಂದರೆ ಅದು ಬರ್ ಅಲ್ಲ ಮಾರಾಯ್ರೇ, ತಗಡು. ಡ್ರಿಲ್ ಮೊಂಡಾಗಿದೆ. 304 ಮೊಂಡು ಡ್ರಿಲ್ಲಿಗೆ ಸಿಕ್ಕಿದರೆ ಕತ್ತರಿಸುವ ಬದಲು ಉಜ್ಜಿಸಿಕೊಂಡು ಇನ್ನೂ ಗಟ್ಟಿಯಾಗುತ್ತದೆ, ಕೊನೆಯಲ್ಲಿ ಸೀಳಿಕೊಂಡು ಆಚೆ ಬರುತ್ತದೆ. ಮೀಡಿಯಾ ತೆಗೆಯುವುದು ಕಾಗದದಂಥ ತೆಳು ಬರ್. ಬುಡ ದಪ್ಪ ಇದ್ದರೆ ಅದರ ಮೇಲೆ ಪಾಲಿಶ್ ಮಾಡಿ ಕೊಡುತ್ತದೆ, ಹೊಳೆಯುವ ಬರ್ ಸಿಗುತ್ತದೆ ಅಷ್ಟೇ.

ಹೀಗೆ ಮಾಡಿ ನೋಡಿ. 8 ಎಂಎಂ ತೂತನ್ನು ಮೊದಲು 7.8ಕ್ಕೆ ಬಿಡಿ. ಆಮೇಲೆ ಅಡ್ಡ ತೂತು 4 ಎಂಎಂ ಹೊಸ ಡ್ರಿಲ್ಲಿನಲ್ಲಿ, ತೂತು ಒಡೆಯುವ ಹೊತ್ತಿಗೆ ಫೀಡ್ ಕಡಿಮೆ ಮಾಡಿ. ಕೊನೆಗೆ 8ರ ರೀಮರ್ (ತೂತನ್ನು ಸರಿಯಾದ ಅಳತೆಗೆ ತರುವ ಟೂಲ್) ಓಡಿಸಿ. ಒಳಗೆ ನಿಂತ ದೊಡ್ಡ ಬರ್ ರೀಮರಿಗೆ ಹೋಗುತ್ತದೆ, ಅಡ್ಡ ತೂತಿನ ಬಾಯಿಗೆ ಬಾಗಿದ ತೆಳು ಎಳೆ ಮಾತ್ರ ಉಳಿಯುತ್ತದೆ. ಅದಕ್ಕೆ ಎಮರಿ ಸೇರಿಸಿದ ನೈಲಾನ್ ಬ್ರಷ್ ಸಾಕು, ಡ್ರಿಲ್ಲಿಗೆ ಸಿಕ್ಕಿಸಿ ಎರಡು ಸಲ ಒಳಗೆ ಹೊರಗೆ. ತಿಂಗಳಿಗೆ ಎಷ್ಟು ಬ್ಲಾಕ್ ಮಾಡುತ್ತೀರಿ? ಹತ್ತೋ ಇಪ್ಪತ್ತೋ ಆದರೆ ಪುಟ್ಟಿ ಗಿಟ್ಟಿ ಯಾಕೆ ಸುಮ್ನೆ. ಮೈಸೂರಿನಲ್ಲಿ ನಾನು ಇದ್ದ ಕಡೆ ಹೈಡ್ರಾಲಿಕ್ ವಾಲ್ವಿನ ಬಾಡಿ ಫಿನಿಶ್ ಮಾಡಲು ಈ ಪುಟ್ಟಿ ತಳ್ಳುವ ಮಷಿನ್ ತಂದಿದ್ದರು, ಒಳಗಿನ ದಾರಿಗಳು ಸುತ್ತಿ ಸುತ್ತಿ ಹೋಗುತ್ತಿದ್ದವು, ಬ್ರಷ್ ತಿರುಗುತ್ತಲೇ ಇರಲಿಲ್ಲ, ಅಲ್ಲಿ ಅದಕ್ಕೆ ಅರ್ಥ ಇತ್ತು.

ಸಂಪಾಜೆ_ಶೀಟ್

ರಬ್ಬರ್ ಅಂದಕೂಡಲೇ ಕಿವಿ ನಿಮಿರಿತು. ನಮ್ಮದೂ ಸಂಪಾಜೆ ಕಡೆಯೇ, ಆ ಗೆಳೆಯ ನಾನಲ್ಲ.

ಆಗುತ್ತದೆ, ಆದರೆ ರಬ್ಬರ್ ಶೀಟ್ ಹಾಗೇ ತಂದರೆ ಆಗುವುದಿಲ್ಲ. ರಬ್ಬರ್ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿಗೆ ಕೊಟ್ಟು, ಹೊಗೆಗೂಡಿನಲ್ಲಿ ಒಣಗಿಸಿದ ಶೀಟ್ ಎಳೆದರೆ ವಾಪಸ್ ಬರುತ್ತದೆ, ಹರಿಯುವುದಿಲ್ಲ. ಎರಡು ರೋಲಿನ ಮಿಕ್ಸಿಂಗ್ ಮಿಲ್ಲಿನಲ್ಲಿ ಚೆನ್ನಾಗಿ ಅರೆಸಬೇಕು. ಅರೆದಷ್ಟೂ ಒಳಗಿನ ಸರಪಳಿ ತುಂಡಾಗಿ ಹಲ್ವದ ಹಾಗೆ ಮೆತ್ತಗಾಗುತ್ತದೆ. ಆಮೇಲೆ ಪ್ರೊಸೆಸ್ ಎಣ್ಣೆ ಹಾಕಿ ಹದ ಮಾಡಿ, ಎಮರಿ ಸೇರಿಸುವುದು. ಮಿಲ್ಲಿನವರಿಗೆ ಗಂಧಕ ಹಾಕಬೇಡಿ ಅಂತ ಮೊದಲೇ ಹೇಳಿ. ಅವರಿಗೆ ಅಭ್ಯಾಸಬಲ, ಹಾಕಿಬಿಡುತ್ತಾರೆ, ಆಮೇಲೆ ಬಿಸಿಯಾದರೆ ಟೈರಾಗಿ ಕೂರುತ್ತದೆ. ನಮ್ಮ ದೇಶದಲ್ಲೇ ಇದರ ಬಗ್ಗೆ ಸುಮಾರು ಸಂಶೋಧನೆ ಆಗಿದೆ, ನೈಸರ್ಗಿಕ ರಬ್ಬರ್, ಸ್ಟೈರೀನ್ ಬ್ಯುಟಾಡೈಯೀನ್ ರಬ್ಬರ್ ಎರಡನ್ನೂ ಮೀಡಿಯಾ ಮಾಡಿ ನೋಡಿದ್ದಾರೆ. ಹೊರದೇಶದ ಮೀಡಿಯಾ ದುಬಾರಿ ಅನ್ನುವುದೇ ದೊಡ್ಡ ಕಾರಣ.

ನಮ್ಮ ಮಳೆಗೆ ರಬ್ಬರಿನದ್ದೇ ವಾಸಿ ಅಂತ ನನ್ನ ಅಭಿಪ್ರಾಯ. ಬೋರಿಕ್ ಪುಟ್ಟಿಗೆ ತೇವ ಆಗುವುದಿಲ್ಲ ಅಂತ ಕೇಳಿದ್ದೇನೆ. ಪುಟ್ಟಿಭಾವ, ಸರಿಯಾ?

ಪುಟ್ಟಿಭಾವ

ಸರಿ. ಬೋರಾನ್ ಹಿಡಿದ ಕೊಂಡಿಯನ್ನು ನೀರು ಬಿಡಿಸಿಬಿಡುತ್ತದೆ. ಜುಲೈನಲ್ಲಿ ಮಡಿಕೇರಿಯಲ್ಲಿ ಚಪ್ಪಲಿಗೂ ಬೂಷ್ಟು ಬರುವಾಗ ಪುಟ್ಟಿ ತೆರೆದಿಟ್ಟರೆ ವಾರ ವಾರಕ್ಕೆ ಅಂಟಂಟಾಗುತ್ತಾ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಮಾಡಿದರೆ ಸಾಕು. ಆದರೆ ರಬ್ಬರ್ ಮೀಡಿಯಾ ಕ್ಲೀನ್ ಮಾಡುವುದು ದೊಡ್ಡ ಗೋಳು. ಪೆಟ್ರೋಲಿನಲ್ಲಿ ನೆನೆಹಾಕಿದರೆ ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಆಗುತ್ತದೆ. ಅಡ್ಡ ತೂತಿನ ಮೂಲೆಯಲ್ಲಿ ಅದು ಕೂತರೆ ಸಿದ್ದಾಪುರದವರ ಫೋನ್ ಮತ್ತೆ ಬರುತ್ತದೆ.

ಬಿಇ_ಕೊನೇ_ವರ್ಷ

ಸಾರ್, ಗಮ್ಮಿಗೆ ಬೊರಾಕ್ಸ್ ಹಾಕಿ ಸ್ಲೈಮ್ ಮಾಡುತ್ತಾರಲ್ಲ, ಅದರಲ್ಲಿ ಆಗಲ್ವಾ? ಅದರಲ್ಲೂ ಬೋರಾನೇ ಅಲ್ವಾ. ನಮ್ಮ ಪ್ರಾಜೆಕ್ಟಿಗೆ ಇದೇ ವಿಷಯ ತಗೊಳ್ಳೋಣ ಅಂತಿದ್ದೇವೆ, ಖರ್ಚು ಕಡಿಮೆ ಇರಬೇಕು.

ಪುಟ್ಟಿಭಾವ

ಸ್ಲೈಮ್ ನೀರಿನದ್ದು ತಮ್ಮಾ. ಒತ್ತಡಕ್ಕೆ ನೀರು ಬಿಟ್ಟುಕೊಂಡು ಎಮರಿ ಒಂದು ಕಡೆ ಗಟ್ಟಿ ಕೂರುತ್ತದೆ, ಉಳಿದದ್ದು ಒಣಗುತ್ತದೆ. ಆದರೂ ಒಮ್ಮೆ ಮಾಡಿ ನೋಡಿ, ಯಾಕೆ ಆಗಲಿಲ್ಲ ಅಂತ ಬರೆದರೆ ಪ್ರಾಜೆಕ್ಟಿನಲ್ಲಿ ಒಂದು ಅಧ್ಯಾಯ ಆಗುತ್ತದೆ. ಓದಲು ಬೇಕಿದ್ದರೆ ಐಐಟಿ ಕಾನ್ಪುರದ ವಿ.ಕೆ. ಜೈನ್ ಅವರ ಪ್ರಬಂಧಗಳಿಂದ ಶುರು ಮಾಡಿ. ಕಬ್ಬಿಣದ ಪುಡಿ ಸೇರಿಸಿ, ಅಯಸ್ಕಾಂತ ಇಟ್ಟಲ್ಲಿ ಮಾತ್ರ ಬಿಗಿಯುವ ಮೀಡಿಯಾದ ಬಗ್ಗೆಯೂ ಅವರ ಕಡೆ ಕೆಲಸ ಆಗಿದೆ, ಓದಲು ಮಜಾ ಇದೆ. ಒಂದೇ ಎಚ್ಚರಿಕೆ, ಯಾವುದಾದರೂ ಒಂದನ್ನು ಮಾತ್ರ ಬದಲಾಯಿಸುತ್ತಾ ಹೋಗಿ. ಮೆಶ್, ಒತ್ತಡ, ಪ್ರಮಾಣ ಮೂರನ್ನೂ ಒಟ್ಟಿಗೆ ಬದಲಾಯಿಸಿ ಕೊನೆಗೆ ಏನಾಯಿತು ಅಂತ ಗೊತ್ತಾಗದೆ ಕೂತವರನ್ನು ತುಂಬಾ ನೋಡಿದ್ದೇನೆ.

ಕುಶಾಲನಗರ_ಲೇಥ್

ಮೂರು ವಾರ ಆಯಿತು. ಮಾಡಿ ನೋಡಿಯೇ ಬರೆಯೋಣ ಅಂತ ಸುಮ್ನಿದ್ದೆ.

ತಾತ ಹೇಳಿದ್ದು ನೂರಕ್ಕೆ ನೂರು ನಿಜ, ಡ್ರಿಲ್ ಮೊಂಡಾಗಿತ್ತು. ನಾಚಿಕೆಯ ವಿಷಯ. ಆದರೂ ಪುಟ್ಟಿ ಬಿಡಲು ಮನಸ್ಸಾಗಲಿಲ್ಲ.

ಮೈಸೂರಿಂದ ಮಧ್ಯಮದ ಪುಟ್ಟಿ ತರಿಸಿದೆ. 220 ಗ್ರಾಂ ಪುಟ್ಟಿ, 220 ಗ್ರಾಂ ಸಿಲಿಕಾನ್ ಕಾರ್ಬೈಡ್. ನಾದುವುದು ಸುಲಭ ಅಂದುಕೊಂಡಿದ್ದೆ. ಮೊದಲ ಅರ್ಧ ಹತ್ತು ನಿಮಿಷದಲ್ಲಿ ಹೋಯಿತು, ಆಮೇಲೆ ಪುಡಿ ಒಳಗೆ ಹೋಗುವುದೇ ಇಲ್ಲ, ಮೇಲೆ ಮೇಲೆ ಉದುರುತ್ತದೆ. ಹುಡುಗನೂ ನಾನೂ ಸರದಿ ಮೇಲೆ ಮುಕ್ಕಾಲು ಗಂಟೆ ನಾದಿದೆವು. ಕೊನೆಗೆ ಬೂದು ಬಣ್ಣದ, ಭಾರದ ಮುದ್ದೆ ಆಯಿತು. ಬೆರಳಲ್ಲಿ ಹಿಸುಕಿದರೆ ಕರಕರ ಅನ್ನುತ್ತದೆ, ಮೇಜಿನ ಮೇಲೆ ಬಿಟ್ಟರೆ ಕಾಫಿ ಕುಡಿದು ಬರುವಷ್ಟರಲ್ಲಿ ದೋಸೆಯ ಹಾಗೆ ಹರಡಿಕೊಂಡಿರುತ್ತದೆ.

50 ಎಂಎಂ ಸಿಲಿಂಡರ್, 150 ಎಂಎಂ ಸ್ಟ್ರೋಕ್, ನೈಲಾನ್ ಪಿಸ್ಟನ್. ಹಾಕಿದ ಓ ರಿಂಗ್ ಮೂರೇ ಸ್ಟ್ರೋಕಿಗೆ ಎಮರಿ ತಿಂದು ಹೋಯಿತು, ಆಮೇಲೆ ರಿಂಗ್ ಇಲ್ಲದೆ ಪಿಸ್ಟನ್ನನ್ನೇ ಬಿಗಿಯಾಗಿ ಮಾಡಿದೆ. ಬೆಳಿಗ್ಗೆ ಚಳಿಯಲ್ಲಿ 50 ಬಾರ್ ಒತ್ತಿದರೂ ಮೀಡಿಯಾ ಅಲ್ಲಾಡಲಿಲ್ಲ. ಹುಡುಗ ಇನ್ನೂ ಒತ್ತೋಣ ಅಂದ, ಬೈದು ಕೂರಿಸಿದೆ. ಬಿಸಿನೀರಿನ ಬಕೆಟಿನಲ್ಲಿ ಸಿಲಿಂಡರ್ ಇಟ್ಟು (ಬಾಯಿ ಪ್ಲಾಸ್ಟಿಕ್ ಕಟ್ಟಿ, ನೀರು ತಾಗದ ಹಾಗೆ) ಸ್ವಲ್ಪ ಹೊತ್ತು ಬಿಟ್ಟ ಮೇಲೆ 40ಕ್ಕೇ ಸರಿಯಿತು. ಏಳೆಂಟು ಸ್ಟ್ರೋಕ್ ಆದ ಮೇಲೆ ತನ್ನಷ್ಟಕ್ಕೇ ಬಿಸಿಯಾಗಿ ಇನ್ನೂ ಸಲೀಸು. ಅಡ್ಡ ತೂತಿನಿಂದ ಕಪ್ಪು ಹುಳದ ಹಾಗೆ ಎರಡು ಎಳೆ ಬರುವುದನ್ನು ನೋಡುವುದಕ್ಕೆ ಪಕ್ಕದ ವೆಲ್ಡಿಂಗ್ ಶಾಪಿನವರೂ ಬಂದಿದ್ದರು. ನೂಪುಟ್ಟೇ ಸರಿ.

ಮೊದಲು ಹಳೇ ರೀತಿಯ ಆರು ಬ್ಲಾಕ್ ಹಾಕಿದೆ, 12 ಸ್ಟ್ರೋಕ್. ನಾಲ್ಕರಲ್ಲಿ ಬರ್ ಪೂರ್ತಿ ಹೋಯಿತು. ಎರಡರಲ್ಲಿ ತಾತ ಹೇಳಿದ ಹೊಳೆಯುವ ಬರ್! ಆಮೇಲೆ ರೀಮರ್ ಕೊನೆಗೆ ಹಾಕುವ ಕ್ರಮದಲ್ಲಿ ಹತ್ತು ಬ್ಲಾಕ್ ಮಾಡಿದೆ, ಬ್ರಷ್ ಇಲ್ಲದೆ ನೇರ ಮೀಡಿಯಾಗೆ, 8 ಸ್ಟ್ರೋಕ್. ಹತ್ತೂ ಪಾಸ್. ಪರೀಕ್ಷೆ ದೊಡ್ಡದೇನಲ್ಲ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗೆ ತಿರುಗಿಸಿ ಎಳೆಯುವುದು. ಬರ್ ಇದ್ದರೆ ಒಂದು ಎಳೆ ಹತ್ತಿಯಾದರೂ ಕಚ್ಚಿಕೊಳ್ಳುತ್ತದೆ. ಫೋನಿಗೆ ಸಿಕ್ಕಿಸುವ ಸಣ್ಣ ಕ್ಯಾಮೆರಾದಲ್ಲೂ ನೋಡಿದೆ, ಅಂಚು ನುಣುಪಾಗಿ ಸೋಪಿನ ತುಂಡಿನ ಮೂಲೆಯಂತೆ ಕಾಣುತ್ತದೆ. 4 ಎಂಎಂ ತೂತು 4.02 ಆಗಿದೆ, ನನ್ನ ಕೆಲಸಕ್ಕೆ ತೊಂದರೆ ಇಲ್ಲ. ಆದರೆ ಡ್ರಿಲ್ ಸ್ವಲ್ಪ ಓರೆಯಾಗಿದ್ದ ಒಂದು ತೂತು ಓರೆಯಾಗಿಯೇ ಉಳಿಯಿತು, ಅದನ್ನು ನೇರ ಮಾಡುತ್ತದೆ ಅಂತ ಯಾರೂ ಆಸೆ ಇಟ್ಟುಕೊಳ್ಳಬೇಡಿ.

ಕ್ಲೀನಿಂಗಿನಲ್ಲಿ ಒಂದು ಪೆಟ್ಟು ತಿಂದೆ. ಅಭ್ಯಾಸದಂತೆ ಸೀಮೆಎಣ್ಣೆಗೆ ಹಾಕಿದೆ, ಪುಟ್ಟಿ ಉಬ್ಬಿ ಲೋಳೆಯಾಗಿ ಮೂಲೆ ಮೂಲೆಗೆ ಮೆತ್ತಿಕೊಂಡಿತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೇಲೆ ಕರಗಿ ಬಂತು. ಈಗ ಮೊದಲು ಏರ್ ಹೊಡೆದು ದೊಡ್ಡದನ್ನು ವಾಪಸ್ ಡಬ್ಬಿಗೆ ಹಾಕುತ್ತೇನೆ, ಉಳಿದದ್ದಕ್ಕೆ ಮಾತ್ರ ಆಲ್ಕೋಹಾಲ್. ಸಿದ್ದಾಪುರದವರಿಗೆ ಹೊಸ ಬ್ಲಾಕ್ ಕಳಿಸಿದ್ದೇನೆ, ದುಡ್ಡು ತಗೊಂಡಿಲ್ಲ.

ಎರಡು ಪ್ರಶ್ನೆ. ಮೀಡಿಯಾ ಕಪ್ಪಾಗುತ್ತಾ ಬರುತ್ತಿದೆ, ಯಾವಾಗ ಎಸೆಯಬೇಕು? ಇನ್ನೊಂದು, ಹಿತ್ತಾಳೆ ನಾಝಲ್‌ಗಳನ್ನೂ ಇದರಲ್ಲೇ ಹಾಕಬಹುದಾ?

ಪುಟ್ಟಿಭಾವ

ಬಹಳ ಖುಷಿಯಾಯಿತು. ಕಪ್ಪು ಅಂದರೆ ನಿಮ್ಮ ಸ್ಟೀಲಿನ ಪುಡಿ. ಬಣ್ಣ ನೋಡಿ ಎಸೆಯಬೇಡಿ, 8 ಸ್ಟ್ರೋಕಿನ ಕೆಲಸಕ್ಕೆ 14, 15 ಬೇಕಾಗಲು ಶುರುವಾದರೆ ಕಾಳು ಮೊಂಡಾಗಿದೆ ಅಂತ ಅರ್ಥ, ಆಗ ಹೊಸದು ಮಾಡಿ. ಹಿತ್ತಾಳೆಗೆ ಇದೇ ಮೀಡಿಯಾ ಬೇಡ. ಒಂದು, ಮೆತ್ತನೆ ಲೋಹಕ್ಕೆ ಕಾಳು ಚುಚ್ಚಿಕೊಂಡು ಕೂರುತ್ತದೆ. ಎರಡು, ನಾಝಲ್ ತೂತು 20 ಮೈಕ್ರಾನ್ ದೊಡ್ಡದಾದರೂ ಸ್ಪ್ರೇ ಲೆಕ್ಕ ತಪ್ಪುತ್ತದೆ. ಅದಕ್ಕೆ ತಾತನ ಬ್ರಷ್ಷೇ ಸರಿ.

ಟೂಲ್‌ರೂಮ್_ತಾತ

ಹತ್ತಕ್ಕೆ ಹತ್ತು ಬಂತಲ್ಲ, ಒಪ್ಪಿದೆ. ಒಂದು ಮಾತು. ನೀವು ಪಂಪಿನ ಮೈಗೆ ಪೇಂಟ್ ಹೊಡೆಯುವುದು ಅದೇ ಶಾಪಿನಲ್ಲಾದರೆ ಈ ಪುಟ್ಟಿ ಮುಟ್ಟಿದ ಕೈ, ಬಟ್ಟೆ, ಏರ್ ಗನ್ ಯಾವುದನ್ನೂ ಪೇಂಟ್ ಮೇಜಿನ ಹತ್ತಿರ ತರಬೇಡಿ. ಸಿಲಿಕಾನ್ ಒಂದು ಚೂರು ತಾಗಿದರೂ ಪೇಂಟ್ ಅಲ್ಲಿ ಹಿಡಿಯುವುದಿಲ್ಲ, ಮೀನಿನ ಕಣ್ಣಿನ ಹಾಗೆ ದುಂಡಗೆ ತೂತು ತೂತು ಬೀಳುತ್ತದೆ. ನಮ್ಮಲ್ಲಿ ಕಾರಣ ಹುಡುಕಲು ಒಂದು ತಿಂಗಳು ಹಿಡಿದಿತ್ತು.

ಕುಶಾಲನಗರ_ಲೇಥ್

ಅಯ್ಯೋ. ನಿನ್ನೆ ಹೊಡೆದ ಎರಡು ಪಲ್ಪರ್ ಕವರಿನಲ್ಲಿ ಹಾಗೇ ಬಿದ್ದಿದೆ, ಪೇಂಟ್ ಅಂಗಡಿಯವನಿಗೆ ಬೈದು ಬಂದಿದ್ದೆ. ನಾಳೆ ಹೋಗಿ ಮಾತಾಡುತ್ತೇನೆ.